ದೊಂಬರ ಕೈಯ ಬಿದಿರು



ನಮ್ಮ ಕಲ್ಯಾಣದುರ್ಗ ಸೀಮೆಯ ಜಾತ್ರೆಗಳಲ್ಲಿಯೂ ಬಳ್ಳಾರಿ, ಬೆಂಗಳೂರುಗಳಂಥ ಪಟ್ಟಣಗಳ ಪೇಟೆಬೀದಿಗಳಲ್ಲಿಯೂ ಹಿಂದೆ ದೊಂಬರ ಡೋಲಿನ ಸದ್ದಾಯಿತೆಂದರೆ ಜನರು ಕೈಗೆಲಸ ಬಿಟ್ಟು ನೆರೆಯುತ್ತಿದ್ದರು. ತೆಲುಗಿನವರು ಇವರನ್ನು ದೊಮ್ಮರಿಗಳೆನ್ನುವರು. ಎರಡೆರಡು ಗಳುಗಳನ್ನು ಕತ್ತರಿಯಾಕಾರವಾಗಿ ನಿಲ್ಲಿಸಿ, ನಡುವೆ ಹಗ್ಗವನ್ನು ಬಿಗಿದು, ಅದರ ತುದಿಗಳನ್ನು ನೆಲದ ಗೂಟಗಳಿಗೆ ಕಟ್ಟುತ್ತಿದ್ದರು. ಮೇಲೆ ನಡೆಯುವವಳು ಬಹುಮಟ್ಟಿಗೆ ಚಿಕ್ಕ ಹುಡುಗಿ. ತಲೆಯ ಮೇಲೆ ಬಿಂದಿಗೆ, ಕೈಯಲ್ಲಿ ಉದ್ದನೆಯ ಬಿದಿರು. ಕೆಳಗೆ ಬಲೆಯಿಲ್ಲ. ತಂದೆ ಡೋಲು ಬಾರಿಸುತ್ತಲೇ ಮಗಳ ಪಾದಗಳನ್ನು ನೋಡುತ್ತಿದ್ದನು.

ಆ ಬಿದಿರು ಅಲಂಕಾರಕ್ಕಾಗಿ ಹಿಡಿದದ್ದೆಂದು ನಾವೂ ಬಾಲ್ಯದಲ್ಲಿ ಭಾವಿಸಿದ್ದೆವು. ಒಂದು ಪೆನ್ಸಿಲನ್ನೂ ಒಂದು ಮಾರುದ್ದದ ಕೋಲನ್ನೂ ಸರದಿಯಂತೆ ಬೆರಳ ತುದಿಯಲ್ಲಿ ನಿಲ್ಲಿಸಿ ನೋಡಿರಿ. ಪೆನ್ಸಿಲು ಕಣ್ಣುಮುಚ್ಚುವುದರೊಳಗೆ ಬೀಳುವುದು; ಕೋಲು ನಿಧಾನವಾಗಿ ವಾಲುವುದು, ಸರಿಪಡಿಸಿಕೊಳ್ಳಲು ನಿಮಗೆ ವೇಳೆ ಸಿಕ್ಕುವುದು. ತೂಕವು ನಡುವಿನಿಂದ ದೂರ ಹರಡಿದಷ್ಟೂ ವಸ್ತುವು ತಿರುಗಲು ಒಲ್ಲೆನ್ನುತ್ತದೆ. ಬಿದಿರು ಹಗ್ಗದ ಮೇಲಿನ ಹುಡುಗಿಗೆ ಕೊಡುವುದು ಈ ವೇಳೆಯನ್ನೇ. ಇನ್ನೊಂದು ಸೋಜಿಗವುಂಟು. ದೇಹವು ಎಡಕ್ಕೆ ವಾಲಿದರೆ ಬಿದಿರಿನ ಎಡತುದಿಯನ್ನೇ ಕೆಳಕ್ಕೆ ತಿರುಗಿಸಬೇಕು. ಅದರ ಪ್ರತಿಕ್ರಿಯೆಯಿಂದ ದೇಹವು ಬಲಕ್ಕೆ ಬರುವುದು. ನ್ಯೂಟನ್ನನ ಮೂರನೆಯ ನಿಯಮವನ್ನು ಓದದ ಆ ಮಗುವಿನ ತೋಳುಗಳಿಗೆ ಅದು ತಿಳಿದಿತ್ತು. ಬಿ.ಎ. ಓದಿದ ನಮಗೆ ಬಹುಕಾಲ ತಿಳಿದಿರಲಿಲ್ಲ.

1859ರ ಜೂನ್ 30ರಂದು ಫ್ರಾನ್ಸಿನ ಬ್ಲಾಂಡಿನ್ ಎಂಬಾತನು ನಯಾಗರಾ ಕಣಿವೆಯನ್ನು ಸುಮಾರು 1,100 ಅಡಿ ಉದ್ದದ ಹಗ್ಗದ ಮೇಲೆ ದಾಟಿದನು. ಅವನ ಕೈಯಲ್ಲಿಯೂ ಉದ್ದನೆಯ ಭಾರವಾದ ಕೋಲಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ತನ್ನ ವ್ಯವಸ್ಥಾಪಕನನ್ನೇ ಬೆನ್ನ ಮೇಲೆ ಹೊತ್ತು ನಡೆದನು. 1861ರಲ್ಲಿ ಲಂಡನ್ ನಗರದ ಜನರು ಹಣ ತೆತ್ತು ಅವನನ್ನು ನೋಡಿದರು. ಅವನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಪೇಟೆಬೀದಿಯ ನಮ್ಮ ಹುಡುಗಿಯ ಹೆಸರನ್ನು ಯಾರೂ ಕೇಳಲಿಲ್ಲ. ಮದರಾಸು ಸರ್ಕಾರದ ಅಧಿಕಾರಿ ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲಿ ಈ ಕುಲವನ್ನು ವರ್ಣಿಸಿದ್ದಾರೆ. ಆ ಕಾಲದ ಅಪರಾಧಿ ಬುಡಕಟ್ಟುಗಳ ಕಾಯಿದೆಯೋ, ಅನೇಕ ಅಲೆಮಾರಿ ಕುಲಗಳ ತಿರುಗಾಟವನ್ನೇ ಶಂಕೆಯಿಂದ ಕಂಡಿತು. ಅದು ರದ್ದಾದದ್ದು 1952ರಲ್ಲಿ.

ಚಪ್ಪಾಳೆ ತಟ್ಟಿದವರಲ್ಲಿ ನಾವೂ ಒಬ್ಬರು. ಆ ಹುಡುಗಿ ಶಾಲೆಯ ವೇಳೆಯಲ್ಲಿ ಅಲ್ಲೇಕೆ ಇದ್ದಾಳೆಂದು ಆಗ ನಮಗೆ ತೋಚಲಿಲ್ಲ. 2010ರ ಏಪ್ರಿಲಿನಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕಾಗಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯುವಂತೆ ಆಜ್ಞಾಪಿಸಿತು. ಮಗು ಹಗ್ಗದಿಂದ ಇಳಿಯಲೇಬೇಕು. ಆದರೆ ತೋಳುಗಳ ಆ ವಿದ್ಯೆ?

ಈ ವರ್ಷದ ವಿಜ್ಞಾನದ ಪಾಠಕ್ಕೆ ಆ ಕುಲದ ಹಿರಿಯರೊಬ್ಬರನ್ನು ಕರೆಸಬೇಕೆಂದಿದ್ದೇವೆ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಅದರ ಮೇಲೆ ಬಿದಿರು ಹಿಡಿದು ನಡೆಯುವ ಕ್ರಮವನ್ನು ಅವರು ಕಲಿಸಲಿ. ಉಪಾಧ್ಯಾಯರ ಕುರ್ಚಿ ಆ ದಿನ ಅವರದು. ನಾವು ನಿಮ್ಮೊಡನೆ ಹಿಂದಿನ ಸಾಲಿನಲ್ಲಿ ಕೂಡುವೆವು.