ಅನ್ನನಾಳ ಬದಲಾಯಿಸಿದ ಮಗು ದೊಡ್ಡದಾದಾಗ

ತಟ್ಟೆಯ ಮುಂದೆ ಮುಕ್ಕಾಲು ಗಂಟೆ ಕೂರುವ ಮಗುವನ್ನು ನೀವು ಗದರುತ್ತೀರಾ? ಎಳವೆಯಲ್ಲಿ ಅದಕ್ಕೆ ಅನ್ನನಾಳ ಬದಲಾಯಿಸುವ ಶಸ್ತ್ರಚಿಕಿತ್ಸೆ ಆಗಿದ್ದರೆ ದಯವಿಟ್ಟು ಗದರಬೇಡಿ.

ಕೆಲವು ಶಿಶುಗಳು ಅನ್ನನಾಳ ಪೂರ್ತಿ ಕೂಡಿಕೊಳ್ಳದೆ ಹುಟ್ಟುತ್ತವೆ. ತುದಿಗಳ ನಡುವೆ ಅಂತರ ಹೆಚ್ಚಿದ್ದರೆ ನೇರವಾಗಿ ಜೋಡಿಸುವುದು ಕಷ್ಟ. ಇನ್ನು ಕೆಲವು ಮಕ್ಕಳು ಶೌಚಾಲಯ ತೊಳೆಯುವ ಆಸಿಡನ್ನು ನೀರೆಂದು ಕುಡಿದು ನಾಳ ಸುಟ್ಟುಕೊಂಡಿರುತ್ತಾರೆ. ನೀರಿನ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಅಭ್ಯಾಸ ನಿಮ್ಮಲ್ಲಿದ್ದರೆ ಇಂದೇ ಬಿಡಿ. ಇಂಥ ಮಕ್ಕಳಿಗೆ ಜಠರವನ್ನು ಎದೆಯೊಳಗೆ ಮೇಲಕ್ಕೆಳೆದೋ ದೊಡ್ಡ ಕರುಳಿನ ತುಂಡು ಬಳಸಿಯೋ ಹೊಸ ದಾರಿ ಮಾಡುತ್ತಾರೆ. ಹೀಗೆ ಬದುಕುಳಿದ ಅನೇಕರು ಇಂದು ಓದಿ, ದುಡಿದು, ಸಂಸಾರ ನಡೆಸುತ್ತಿದ್ದಾರೆ.

ಆದರೆ ಹೊಸ ನಾಳಕ್ಕೆ ತುತ್ತನ್ನು ತಳ್ಳುವ ಶಕ್ತಿ ಕಡಿಮೆ. ಆಹಾರ ಬಹುಪಾಲು ತನ್ನ ಭಾರದಿಂದಲೇ ಇಳಿಯಬೇಕು. ಮೇಲೆ ಬರದಂತೆ ತಡೆಯುವ ಬಾಗಿಲೂ ಮೊದಲಿನಂತಿಲ್ಲ. ಆದ್ದರಿಂದ ನೆಟ್ಟಗೆ ಕೂತು, ಸಣ್ಣ ತುತ್ತು, ಚೆನ್ನಾಗಿ ಅಗಿದು, ನಡುನಡುವೆ ನೀರು. ಮಾಂಸದ ತುಂಡುಗಳನ್ನು ಚಿಕ್ಕದಾಗಿ ಬಿಡಿಸಿಕೊಡಿ. ದಿನಕ್ಕೆ ಮೂರು ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟ ಒಳ್ಳೆಯದು. ಉಂಡ ಕೂಡಲೇ ಮಲಗಬಾರದು. ಮಂಚದ ತಲೆಯ ಕಡೆ ಎತ್ತರವಿರಲಿ. ಹೊಟ್ಟೆ ತುಂಬಿದೊಡನೆ ನಮಾಝಿಗೆ ನಿಂತರೆ ಸುಜೂದಿನಲ್ಲಿ ಆಹಾರ ಬಾಯಿಗೆ ಬರಬಹುದು, ನಡುವೆ ಅಂತರ ಇಟ್ಟುಕೊಳ್ಳಲಿ.

ರಮಝಾನಿನಲ್ಲಿ ವಿಶೇಷ ಎಚ್ಚರ ಬೇಕು. ಖಾಲಿ ಹೊಟ್ಟೆಗೆ ಸಿಹಿ ಶರಬತ್ತು ಬಿದ್ದರೆ ಕೆಲವರಿಗೆ ಎದೆ ಬಡಿತ, ಬೆವರು, ತಲೆಸುತ್ತು ಬರುತ್ತದೆ; ಸಕ್ಕರೆ ಕರುಳಿಗೆ ಒಮ್ಮೆಲೇ ಧುಮುಕುವುದೇ ಕಾರಣ. ಉಪವಾಸ ಹಿಡಿಯಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ. ರೋಗಿಗೆ ರಿಯಾಯಿತಿ ಇದೆ, ಮಗನ ಹಟಕ್ಕೆ ಮಣಿಯಬೇಡಿ.

‘ಈಗ ಚೆನ್ನಾಗಿದ್ದಾನಲ್ಲ’ ಎಂದು ತಪಾಸಣೆ ನಿಲ್ಲಿಸುವುದು ದೊಡ್ಡ ತಪ್ಪು. ಜೋಡಿಸಿದ ಜಾಗ ಕಿರಿದಾಗಬಹುದು, ಕರುಳಿನ ನಾಳ ವರ್ಷ ಕಳೆದಂತೆ ಉದ್ದವಾಗಿ ಬಾಗಬಹುದು. ಜಠರ ಬಳಸಿದ್ದರೆ ಕಬ್ಬಿಣ ಮತ್ತು ಬಿ12 ಕೊರತೆಯಿಂದ ರಕ್ತಹೀನತೆ ಬರಬಹುದು. ರಾತ್ರಿ ಕೆಮ್ಮು, ಪದೇ ಪದೇ ನ್ಯುಮೋನಿಯಾ, ತೂಕ ಇಳಿಕೆ, ನುಂಗಲು ಹೊಸದಾಗಿ ತೊಂದರೆ ಕಂಡರೆ ತಡಮಾಡದೆ ತೋರಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಮದುವೆ ಮಾತುಕತೆಯಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಗಂಡನ ಮನೆಯಲ್ಲಿ ಆಕೆ ನಿಧಾನವಾಗಿ ಉಣ್ಣಲೂ ಹೆದರುತ್ತಾಳೆ. ಗರ್ಭಿಣಿಯಾದಾಗ ವೈದ್ಯರಿಗೂ ವಿಷಯ ತಿಳಿಯದೆ ಹೋಗಬಹುದು. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜೋಪಾನವಾಗಿಟ್ಟು, ಮಕ್ಕಳು ಬೆಳೆದಾಗ ಅವರ ಕೈಗೇ ಕೊಡಿ.