ಪಾರಿಜಾತದ ಆಟವೂ ನಮ್ಮ ಅತಿಥಿಗಳೂ

ಕೃಷ್ಣಾನದಿಯ ದಡದ ದಿಗ್ಗೇವಾಡಿಯ ಸೀಮೆಗೆ ಪರಸ್ಥಳದವರು ಬರುವದು ಹೊಸತಲ್ಲ. ಇದೇ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಕೂಡುವ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಉಂಟು. ಜಾತ್ರೆ, ಕುಸ್ತಿ, ಎತ್ತುಗಳ ಓಟ ಇವೆಲ್ಲ ಕಣ್ಣಿನ ವಿನೋದಗಳು. ಭಾಷೆ ಬಾರದವರಿಗೂ ತಿಳಿಯುವವು. ಆದರೆ ನಮ್ಮ ಜಿಲ್ಲೆಯ ಒಂದು ಆಟವನ್ನು ಕಿವಿಗೊಟ್ಟು ನೋಡಬೇಕು. ಅದು ಶ್ರೀಕೃಷ್ಣ ಪಾರಿಜಾತ. ನಮ್ಮ ವಿದ್ಯಾರ್ಥಿನಿಯರು ಅದನ್ನು ಅರಿತಿರಬೇಕೆಂದು ಈ ಪಾಠವನ್ನು ಬರೆಯುತ್ತೇವೆ.

ಅಪರಾಳ ತಮ್ಮಣ್ಣನ ಕೃತಿಯನ್ನು ಆಧಾರವಾಗಿಟ್ಟುಕೊಂಡು 19ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣನು ಇದನ್ನು ರಂಗದ ಆಟವಾಗಿ ಬೆಳೆಸಿದನು. ಕುಲಗೋಡವು ಬೆಳಗಾವಿ ಜಿಲ್ಲೆಯ ಊರೇ. ಕಥೆ ಚಿಕ್ಕದು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುವನು, ಸತ್ಯಭಾಮೆಯು ಮುನಿಯುವಳು, ಕೃಷ್ಣನು ಕೊರವಂಜಿಯ ವೇಷದಿಂದ ಬಂದು ಕಣಿ ಹೇಳುವನು. ಇಷ್ಟಕ್ಕೆ ಇಡೀ ಇರುಳು ಏಕೆ ಬೇಕೆಂದು ಕೇಳುವಿರೋ? ಹಾಡಿನ ನಡುನಡುವೆ ಮಾತು ಉಂಟಷ್ಟೆ. ಪಾತ್ರವು ರಂಗಕ್ಕೆ ಬಂದೊಡನೆ ಭಾಗವತನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವನು. ದ್ವಾರಕೆಯ ರಾಣಿಯು ಆಗ ಗೋಕಾವಿ ಸಂತೆಯ ಕನ್ನಡದಲ್ಲಿ ಉತ್ತರ ಕೊಡುವಳು. ಸವತಿಯ ಸಂಕಟ, ಗಂಡನ ಮೇಲಿನ ಸಿಟ್ಟು, ಮನೆಯೊಳಗೆ ಹೆಂಗಸರು ನುಂಗಿಕೊಂಡ ಮಾತುಗಳನ್ನೆಲ್ಲ ಭಾಮೆಯು ಊರ ಮುಂದೆ ಆಡಿಬಿಡುವಳು. ಕೇಳುವವರು ನಗುವದೂ ಕಣ್ಣೊರಸಿಕೊಳ್ಳುವದೂ ಅಲ್ಲಿಯೇ.

ಹೆಣ್ಣಿನ ಮಾತೇ ಪ್ರಾಣವಾದ ಈ ಆಟದಲ್ಲಿ ಬಹುಕಾಲ ಗಂಡಸರೇ ಸೀರೆಯುಟ್ಟು ಆ ಮಾತುಗಳನ್ನು ಆಡಿದರು. ಮುಂದೆ ಕೌಜಲಗಿಯ ನಿಂಗಮ್ಮನಂಥವರು ರಂಗವನ್ನೇರಿ ಹೆಸರಾದರು. ಅಂಥವರ ಹಾಡನ್ನು ಮೆಚ್ಚಿದ ಮನೆಗಳೇ ತಮ್ಮ ಹೆಣ್ಣುಮಕ್ಕಳನ್ನು ಆ ರಂಗದ ಹತ್ತಿರ ಸುಳಿಯಗೊಡಲಿಲ್ಲವೆಂಬುದನ್ನು ಮರೆಮಾಚಲಾಗದು.

ಈಗ ಉತ್ಸವಗಳಲ್ಲಿ ಅತಿಥಿಗಳಿಗೆ ಬೇಸರವಾದೀತೆಂದು ಆಟವನ್ನು ಬೇಗನೆ ಮುಗಿಸುವದುಂಟು. ಮೊದಲು ಕತ್ತರಿಗೆ ಸಿಕ್ಕುವದು ಮಾತು. ನಾವೂ ಈ ತಪ್ಪು ಮಾಡಿದವರೇ. ಒಂದು ವರ್ಷ ಶಾಲೆಯ ಸ್ನೇಹಸಮ್ಮೇಲನಕ್ಕೆ ಪರಪ್ರಾಂತದ ಅತಿಥಿಗಳು ಬರುವವರಿದ್ದರು. ಭಾಗವತನ ಪ್ರಶ್ನೆಗಳು ಗ್ರಾಮ್ಯವೆಂದು ತೋರಿ ಅವನ್ನು ತೆಗೆದು, ಹಾಡು ಕುಣಿತಗಳನ್ನಷ್ಟೇ ಉಳಿಸಿದೆವು. ಅತಿಥಿಗಳು ಚಪ್ಪಾಳೆ ತಟ್ಟಿದರು. ಭಾಮೆಯಾಗಿದ್ದ ಹುಡುಗಿಯ ಅಜ್ಜಿಯು ಮಾತ್ರ ಹೋಗುವಾಗ, “ಅಕ್ಕಾರ, ಹಾಡ ಭಾಳ ಚಲೋ ಆತು. ಆದ್ರ ಭಾಮಾ ಜಗಳಾನ ಮಾಡಲಿಲ್ಲಲ್ರಿ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ.

ಮರುವರ್ಷ ಆ ಅಜ್ಜಿಯನ್ನೇ ಕರೆಸಿ ಅವಳ ಬಾಯಿಂದ ಮಾತುಗಳನ್ನು ಬರೆದುಕೊಂಡೆವು. ಹುಡುಗಿಯರು ಮೊದಲು ನಾಚಿದರು. ವಾರದೊಳಗೆ ಅವರನ್ನು ಸುಮ್ಮನಿರಿಸುವದೇ ಕಷ್ಟವಾಯಿತು. ಮರಾಠಿ ಬಲ್ಲ ಇಬ್ಬರನ್ನು ಅತಿಥಿಗಳ ಪಕ್ಕದಲ್ಲಿ ಅರ್ಥ ಹೇಳಲು ಕುಳ್ಳಿರಿಸಿದೆವು. ಭಾಮೆಯ ಜಗಳವು ಎಷ್ಟು ಬೆಳೆಯಿತೆಂದರೆ ಕಾರ್ಯಕ್ರಮದ ಕೊನೆಯ ಎರಡು ಹಾಡುಗಳಿಗೆ ವೇಳೆಯೇ ಸಿಕ್ಕಲಿಲ್ಲ.