ಮೊದಲು ಹಗ್ಗ, ಆಮೇಲೆ ಸ್ಟೀರಿಂಗ್, ಕೊನೆಗೆ ಬೋಟ್

ಅಮೆರಿಕದ ಮಿನ್ನೆಸೋಟಾ ರಾಜ್ಯದ ಕಾರುಗಳ ನಂಬರ್ ಪ್ಲೇಟ್ ಮೇಲೆ '10,000 ಲೇಕ್ಸ್' ಎಂದಿರುತ್ತದೆ. ಅದು ಸಂಕೋಚದ ಲೆಕ್ಕ. ಹತ್ತು ಎಕರೆಗಿಂತ ದೊಡ್ಡ ಕೆರೆಗಳನ್ನಷ್ಟೇ ಎಣಿಸಿದರೂ 11,842 ಸಿಗುತ್ತವೆ. ಪ್ರಾಜೆಕ್ಟ್ ಮೇಲೆ ಮಿನಿಯಾಪೊಲಿಸ್‌ಗೆ ಬಂದಿಳಿಯುವ ನಮ್ಮ ಹುಡುಗ ಹುಡುಗಿಯರು ಅಷ್ಟು ನೀರಿನ ಮುಂದೆ ಮಾಡುವುದೇನು? ದಡದಲ್ಲಿ ನಿಂತು ಒಂದು ಸೆಲ್ಫಿ ತೆಗೆದು ಊರಿಗೆ ಕಳಿಸುತ್ತಾರೆ. ಅಲ್ಲಿಗೆ ಬೇಸಿಗೆ ಮುಗಿಯಿತು.

ನೀವು ಹಾಗೆ ಮಾಡಬೇಡಿ. ನಾನು ಚಿತ್ರದುರ್ಗದ ಕಡೆಯವನು, ಚಿಕ್ಕವನಿದ್ದಾಗ ನೀರು ಕಂಡದ್ದೇ ಕೊಡದಲ್ಲಿ. ಮೂವತ್ತೆರಡಕ್ಕೆ ಈಜು ಕಲಿತೆ, ಮೂವತ್ತಮೂರಕ್ಕೆ ವಾಟರ್ ಸ್ಕೀ ಮೇಲೆ ನಿಂತೆ, ನಲವತ್ತಕ್ಕೆ ಸ್ವಂತ ಸ್ಕೀ ಬೋಟ್ ಕೊಂಡೆ. ಕ್ರಮ ಗಮನಿಸಿ. ಅದನ್ನು ತಿರುಗಾಮುರುಗಾ ಮಾಡಿದವರ ಬೋಟ್‌ಗಳು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿವೆ.

1. ಈ ವಾರವೇ ಈಜು ಕ್ಲಾಸಿಗೆ ಸೇರಿ.
'ಲೈಫ್ ಜಾಕೆಟ್ ಇದೆಯಲ್ಲ' ಎನ್ನಬೇಡಿ. ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ನಿಮ್ಮ ಭಯವನ್ನು ಇಳಿಸುವುದಿಲ್ಲ. ನೀರಿಗೆ ಹೆದರಿದವನ ಮೈ ಮರಗಟ್ಟುತ್ತದೆ, ಮರಗಟ್ಟಿದ ಮೈ ಸ್ಕೀ ಮೇಲೆ ನಿಲ್ಲುವುದಿಲ್ಲ. ಮಕ್ಕಳ ಜೊತೆ ಕಲಿಯಲು ನಾಚಿಕೆಯೇ? ದೊಡ್ಡವರಿಗೇ ಬೇರೆ ಬ್ಯಾಚ್ ಇರುತ್ತದೆ, ಕೇಳಿ ಸೇರಿ. ಈಜು ಬಂದ ಮೇಲೂ ಜಾಕೆಟ್ ಕಡ್ಡಾಯ. ಕೋಸ್ಟ್ ಗಾರ್ಡ್ ಮಾನ್ಯತೆಯ ಮುದ್ರೆ ನೋಡಿ ಕೊಳ್ಳಿ, ಎಲ್ಲ ಬಕಲ್‌ಗಳನ್ನೂ ಬಿಗಿಯಿರಿ.

2. 'ನನ್ನ ಬಳಿ ಏನಿದೆ' ಎಂಬ ಪ್ರಶ್ನೆಯನ್ನು ರಾಲ್ಫ್ ಸ್ಯಾಮುಯೆಲ್ಸನ್‌ಗೆ ಕೇಳಿ.
ಈ ಆಟ ಹುಟ್ಟಿದ್ದು ಇದೇ ರಾಜ್ಯದಲ್ಲಿ. ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಳ್ಳುವ ಕಡೆ ಲೇಕ್ ಪೆಪಿನ್ ಇದೆ, ಅದರ ದಡದಲ್ಲಿ ಲೇಕ್ ಸಿಟಿ ಎಂಬ ಚಿಕ್ಕ ಊರು. 1922ರ ಬೇಸಿಗೆಯಲ್ಲಿ ಅಲ್ಲಿನ ಹದಿನೆಂಟರ ಹುಡುಗ ರಾಲ್ಫ್, ಹಿಮದ ಮೇಲೆ ಜಾರಲು ಆಗುವುದಾದರೆ ನೀರಿನ ಮೇಲೆ ಯಾಕಾಗದು ಎಂದುಕೊಂಡ. ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಮತ್ತೆ ಮುಳುಗಿದ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಇಂಚು ಅಗಲದ ಎರಡು ಹಲಗೆ ತಂದು, ಅವುಗಳ ತುದಿಯನ್ನು ಅಮ್ಮನ ತಾಮ್ರದ ಹಂಡೆಯಲ್ಲಿ ಕುದಿಸಿ ಮೇಲಕ್ಕೆ ಬಗ್ಗಿಸಿದ. ಕಿಟಕಿಗೆ ಬಳಸುವ ಹಗ್ಗವೇ ಎಳೆಯುವ ಹಗ್ಗವಾಯಿತು. ಕಮ್ಮಾರ ಮಾಡಿಕೊಟ್ಟ ಕಬ್ಬಿಣದ ಬಳೆಯೇ ಹ್ಯಾಂಡಲ್. ಬೋಟ್ ಓಡಿಸಿದವನು ಅಣ್ಣ ಬೆನ್.

ಜುಲೈ 2ರಂದು, ಹತ್ತೊಂಬತ್ತು ತುಂಬುವ ಹಿಂದಿನ ದಿನ, ಅವನು ಎದ್ದು ನಿಂತ. ಅದಕ್ಕೂ ಮೊದಲು ಎಷ್ಟೋ ಸಲ ಬಿದ್ದಿದ್ದ. ಆ ದಿನ ಬದಲಾದದ್ದು ಒಂದೇ: ಹಿಂದಕ್ಕೆ ಒರಗಿ, ಸ್ಕೀ ತುದಿಗಳನ್ನು ನೀರಿನಿಂದ ಮೇಲೆ ಇಟ್ಟುಕೊಂಡ. ಸಲಕರಣೆ ಅದೇ, ಭಂಗಿ ಬೇರೆ. ಮೂರು ವರ್ಷದ ಬಳಿಕ ಓರೆ ಹಲಗೆಗೆ ಹಂದಿಕೊಬ್ಬು ಬಳಿದು ಅದರ ಮೇಲಿಂದ ಜಿಗಿದೂ ಬಿಟ್ಟ.

ಅವನು ಮಾಡಿದ ತಪ್ಪೂ ತಿಳಿದಿರಲಿ. ಪೇಟೆಂಟ್ ಮಾಡಿಸಲಿಲ್ಲ. 1925ರಲ್ಲಿ ಅದು ನ್ಯೂಯಾರ್ಕಿನ ಫ್ರೆಡ್ ವಾಲರ್ ಪಾಲಾಯಿತು. ಲೇಕ್ ಸಿಟಿಯ ಹುಡುಗನೇ ಮೊದಲಿಗ ಎಂದು ಅಮೆರಿಕದ ವಾಟರ್ ಸ್ಕೀ ಸಂಸ್ಥೆ ಒಪ್ಪಿಕೊಂಡಾಗ 1966 ಆಗಿತ್ತು. ಆಫೀಸಿನಲ್ಲಿ ನಿಮ್ಮ ಕೆಲಸಕ್ಕೆ ಇನ್ನೊಬ್ಬರ ಹೆಸರು ಬೀಳಬಾರದು ಅಂದರೆ ಇವತ್ತೇ ಇಮೇಲ್ ಬರೆದಿಡಿ. ಇದು ಸ್ಕೀಯಿಂಗ್ ಟಿಪ್ ಅಲ್ಲ, ಆದರೂ ಹೇಳಿದೆ.

3. ಎಳೆಯಬೇಡಿ, ಎಳೆಸಿಕೊಳ್ಳಿ.
ಇಡೀ ಆಟದ ಗುಟ್ಟು ಇದು. ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತಂತೆ ಇರಿ. ಮೊಣಕಾಲು ಎದೆಗೆ ತಾಗಲಿ, ತೋಳು ನೇರವಾಗಿರಲಿ, ಸ್ಕೀ ತುದಿಗಳು ನೀರಿನಿಂದ ಹೊರಗೆ ಇಣುಕಲಿ, ಹಗ್ಗ ಎರಡರ ನಡುವೆ ಹಾಯಲಿ. 'ಹಿಟ್ ಇಟ್' ಎಂದು ಕೂಗಿ. ಆಮೇಲೆ ಏನೂ ಮಾಡಬೇಡಿ!

ಕಷ್ಟ ಇರುವುದೇ ಈ 'ಏನೂ ಮಾಡಬೇಡಿ'ಯಲ್ಲಿ. ಬೋಟ್ ಎಳೆದ ಕೂಡಲೇ ಹೊಸಬರು ಹ್ಯಾಂಡಲನ್ನು ಎದೆಗೆ ಸೆಳೆದುಕೊಳ್ಳುತ್ತಾರೆ. ಹಗ್ಗ ಸಡಿಲವಾಗುತ್ತದೆ, ಹಿಂದಕ್ಕೆ ಅಂಗಾತ ಬೀಳುತ್ತಾರೆ. ಇಲ್ಲವೇ ಅವಸರಪಟ್ಟು ಎದ್ದು ನಿಲ್ಲುತ್ತಾರೆ, ಮುಂದಕ್ಕೆ ಮುಗ್ಗರಿಸುತ್ತಾರೆ. ಸ್ಕೀ ಅಡಿಯ ನೀರು ನಿಮ್ಮನ್ನು ಎತ್ತುವವರೆಗೆ ಕೂತೇ ಇರಿ. ಗಂಟೆಗೆ 20 ಮೈಲಿಯ ಆಸುಪಾಸಿನ ವೇಗ ಬಂದಾಗ ನೀರು ಹಲಗೆಯಂತೆ ಗಟ್ಟಿಯಾಗುತ್ತದೆ, ಹಗುರ ಮೈಯವರಿಗೆ ಇನ್ನೂ ಕಡಿಮೆ ಸಾಕು. ಆಗ ಕುರ್ಚಿಯಿಂದ ಏಳುವಷ್ಟು ಸಲೀಸಾಗಿ ಏಳಿ. ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒಗೆದು ಬೆಳೆದವರಿಗೆ ಈ ಭಂಗಿ ಹೊಸದಲ್ಲ. ಇಲ್ಲಿನವರಿಗಿಂತ ಅದೊಂದರಲ್ಲಿ ನಾವು ಮುಂದೆ.

ಫೋನಿನಲ್ಲಿ ಇದನ್ನು ಅಮ್ಮನಿಗೆ ವಿವರಿಸಿದೆ. 'ಹಗ್ಗ ಕಟ್ಟಿಸ್ಕೊಂಡು ಎಳೆಸ್ಕೊಳ್ಳಾಕೆ ದುಡ್ಡು ಬೇರೆ ಕೊಡ್ತೀಯೇನೋ?' ಎಂದಳು.

4. ಹ್ಯಾಂಡಲ್ ಬಿಡುವುದನ್ನು ಮೊದಲೇ ಅಭ್ಯಾಸ ಮಾಡಿ.
ಬೀಳುತ್ತಿದ್ದೀರಿ ಅನ್ನಿಸಿತೇ? ಬಿಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಹ್ಯಾಂಡಲ್‌ನೊಳಗೆ ತೋಳು ತೂರಿಸಬೇಡಿ. ಎಳೆಯುತ್ತಿರುವುದು ವಿ-8 ಎಂಜಿನ್, ಅದರ ಜೊತೆ ಹಟ ಬೇಡ.

5. ಕೈಸನ್ನೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ.
ಹೆಬ್ಬೆರಳು ಮೇಲಕ್ಕೆ ಮಾಡಿದರೆ ವೇಗ ಹೆಚ್ಚಿಸಿ, ಕೆಳಕ್ಕೆ ಮಾಡಿದರೆ ಇಳಿಸಿ ಎಂದರ್ಥ. ತಲೆ ತಟ್ಟಿಕೊಂಡರೆ ದಡಕ್ಕೆ ವಾಪಸ್. ಕತ್ತಿನ ಮೇಲೆ ಅಡ್ಡಕ್ಕೆ ಕೈ ಎಳೆದರೆ ಎಂಜಿನ್ ಆಫ್. ಬಿದ್ದ ಕೂಡಲೇ ಕೈ ಎತ್ತಿ ತೋರಿಸಿ, ಕ್ಷೇಮವಾಗಿದ್ದೇನೆ ಎಂಬುದಕ್ಕೆ ಅದೇ ಗುರುತು. ಎಂಜಿನ್ ಸದ್ದಿನಲ್ಲಿ ನಿಮ್ಮ ಕೂಗು ಯಾರಿಗೂ ಕೇಳುವುದಿಲ್ಲ, ಇಂಗ್ಲಿಷಿನಲ್ಲಿ ಕೂಗಿದರೂ ಅಷ್ಟೇ.

6. ಐದು ಗಂಟೆಗೆ ಅಲಾರ್ಮ್ ಇಡಿ.
ಗಾಳಿ ಏಳುವ ಮುಂಚಿನ ಕೆರೆಗೆ ಇಲ್ಲಿನವರು 'ಗ್ಲಾಸ್' ಎನ್ನುತ್ತಾರೆ. ನಿಜಕ್ಕೂ ಕನ್ನಡಿಯೇ. ಶನಿವಾರ ಮಧ್ಯಾಹ್ನ ಮಿನಿಯಾಪೊಲಿಸ್ ಪಕ್ಕದ ಲೇಕ್ ಮಿನ್ನೆಟೊಂಕಾ ಅಂದರೆ ಸಂಜೆ ಆರರ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್. ನೂರು ಬೋಟ್‌ಗಳ ಅಲೆಯಲ್ಲಿ ಸ್ಕೀ ಕಲಿಯಲಾಗದು. ಬೆಳಗಿನ ಇಪ್ಪತ್ತು ನಿಮಿಷ ಮಧ್ಯಾಹ್ನದ ಎರಡು ಗಂಟೆಗೆ ಸಮ. ಇಳಿಸಂಜೆಯೂ ಚೆನ್ನ, ಆದರೆ ಗಡಿಯಾರ ನೋಡಿಕೊಳ್ಳಿ. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದ ಮೇಲೆ ಮರುದಿನ ಸೂರ್ಯೋದಯದವರೆಗೆ ಈ ರಾಜ್ಯದಲ್ಲಿ ಸ್ಕೀಯಿಂಗ್ ನಿಷಿದ್ಧ.

7. ಗುರಿಯನ್ನು ಅಡಿ ಲೆಕ್ಕದಲ್ಲಿ ಇಡಿ.
'ಚೆನ್ನಾಗಿ ಕಲಿಯಬೇಕು' ಎಂಬುದು ಗುರಿಯಲ್ಲ. ಎರಡು ಸ್ಕೀಯಿಂದ ಒಂದಕ್ಕೆ ಬನ್ನಿ, ಆಮೇಲೆ ಸ್ಲಾಲಮ್ ಕೋರ್ಸಿಗೆ ಹೋಗಿ. 259 ಮೀಟರ್ ಉದ್ದದ ದಾರಿ, ಅದರಲ್ಲಿ ನೀವು ಸುತ್ತಬೇಕಾದ ಬಾಯ್‌ಗಳು, ಅಂದರೆ ನೀರಿನ ಮೇಲೆ ತೇಲುವ ಗುರುತುಗಳು, ಆರು. ಬೋಟ್ ನಡುವೆ ನೇರ ಓಡುತ್ತದೆ, ನೀವು ಎಡಕ್ಕೂ ಬಲಕ್ಕೂ ಕೊಯ್ದುಕೊಂಡು ಹೋಗಬೇಕು. ಆರೂ ಸುತ್ತಿದಿರಾ? ವೇಗ ಒಂದು ಹಂತ ಏರುತ್ತದೆ. ಗರಿಷ್ಠ ವೇಗ ಗಂಡಸರಿಗೆ ಗಂಟೆಗೆ 58 ಕಿ.ಮೀ., ಹೆಂಗಸರಿಗೆ 55. ಅದನ್ನೂ ಮುಟ್ಟಿದ ಮೇಲೆ ಹಗ್ಗ ಮೋಟಾಗುತ್ತದೆ. ಅಮೆರಿಕದಲ್ಲಿ ಪೂರ್ತಿ ಹಗ್ಗ 75 ಅಡಿ. ಮೊದಲು 15 ಅಡಿ ಕಡಿತ, ನಂತರ ಒಟ್ಟು 22, 28, 32, 35, 38.

ಈಗ ಒಂದು ಮೋಜಿನ ಗಣಿತ. ಬಾಯ್ ಇರುವುದು ಬೋಟಿನ ದಾರಿಯ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ. 38 ಅಡಿ ಕಡಿದ ಮೇಲೆ ಉಳಿಯುವ ಹಗ್ಗ 11.25 ಮೀಟರ್. ಅಂದರೆ ಹಗ್ಗ ಬಾಯ್ ತನಕ ಮುಟ್ಟುವುದೇ ಇಲ್ಲ! ಉಳಿದದ್ದನ್ನು ಚಾಚಿದ ತೋಳು, ನೀರಿಗೆ ತಾಗುವಷ್ಟು ಬಾಗಿದ ಮೈ ತುಂಬಿಕೊಡಬೇಕು. ಚಾಂಪಿಯನ್‌ಗಳು ಅದಕ್ಕಿಂತಲೂ ಗಿಡ್ಡ ಹಗ್ಗದಲ್ಲಿ ಆಡುತ್ತಾರೆ. ನನ್ನದು ಇನ್ನೂ 15ರಲ್ಲೇ ಇದೆ. ಮುಂದಿನ ಆಗಸ್ಟ್ ಒಳಗೆ 22. ಹೀಗೆ ಬರೆದು ಫ್ರಿಜ್ ಮೇಲೆ ಅಂಟಿಸಿ.

8. ಬೇರೆಯವರ ಬೋಟಿನಲ್ಲಿ ದುಡಿಯಿರಿ.
ಬೋಟ್ ಇರುವವರಿಗೆ ಸದಾ ಬೇಕಾದದ್ದು ನಂಬಿಕೆಯ ಜೊತೆಗಾರ. ಡ್ರೈವರ್ ಮುಂದೆ ನೋಡುತ್ತಾನೆ, ಸ್ಕೀಯರ್ ಕಡೆ ಕಣ್ಣಿಡಲು ಸ್ಪಾಟರ್ ಬೇಕು. ಮಿನ್ನೆಸೋಟಾ ಕಾನೂನೂ ಅದನ್ನೇ ಕೇಳುತ್ತದೆ: ಇನ್ನೊಬ್ಬರು ಇರಬೇಕು, ಇಲ್ಲವೇ ಅಗಲ ನೋಟದ ಹಿಂಗನ್ನಡಿ ಇರಬೇಕು. ಆ ಸೀಟು ಹಿಡಿಯಿರಿ. ಹಗ್ಗ ಸುತ್ತಿಡಿ, ಡಾಕ್‌ಗೆ ಬೋಟ್ ಕಟ್ಟಿ, ಪೆಟ್ರೋಲ್ ದುಡ್ಡಿನಲ್ಲಿ ಪಾಲು ಕೊಡಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸ್ಟೀರಿಂಗ್ ನಿಮ್ಮ ಕೈಗೆ ಬರುತ್ತದೆ. ಬಂದ ಮೇಲೆ ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ. ಸ್ಕೀಯರ್ ಬೋಟ್ ಹತ್ತುವಾಗ ಎಂಜಿನ್ ಆಫ್ ಇರಲೇಬೇಕು. ಎಂಜಿನ್ ಓಡುವಾಗ ಹಿಂದಿನ ಕಟ್ಟೆಯ ಮೇಲೆ ಯಾರೂ ಕೂರಬಾರದು, ಅಲ್ಲಿ ಸೇರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ.

9. ಈಗ ಬೋಟ್ ಕೊಳ್ಳಿ. ಹಳೆಯದನ್ನು ಕೊಳ್ಳಿ.
ಹೊಸ ಸ್ಕೀ ನಾಟಿಕ್ ಅಥವಾ ಮಾಸ್ಟರ್‌ಕ್ರಾಫ್ಟ್ ಪ್ರೋಸ್ಟಾರ್ ಬೆಲೆ ಒಂದು ಲಕ್ಷ ಡಾಲರ್ ದಾಟುತ್ತದೆ. 1990ರ ದಶಕದ ಚೆನ್ನಾಗಿಟ್ಟ ಬೋಟ್ ಅದರ ಹತ್ತರಲ್ಲಿ ಒಂದೋ ಎರಡೋ ಪಾಲಿಗೆ ಸಿಗುತ್ತದೆ. ಸ್ಕೀಗೆಂದೇ ಕಟ್ಟಿದ ಇನ್‌ಬೋರ್ಡ್ ಬೋಟನ್ನೇ ಆರಿಸಿ. ಎಂಜಿನ್ ನಡುವೆ, ಪ್ರೊಪೆಲ್ಲರ್ ತಳದ ಅಡಿಯಲ್ಲಿ, ಹಗ್ಗ ಕಟ್ಟುವ ಕಂಬ ಬೋಟಿನ ಮಧ್ಯಕ್ಕೆ. ಹಾಗಾಗಿ ನೀವು ಪಕ್ಕಕ್ಕೆ ಎಷ್ಟೇ ಜಗ್ಗಿದರೂ ಬೋಟ್ ದಾರಿ ತಪ್ಪುವುದಿಲ್ಲ, ಹಿಂದೇಳುವ ಅಲೆಯೂ ಚಿಕ್ಕದು.

ಮೆತ್ತನೆ ಸೀಟು, ಸ್ಪೀಕರ್ ನೋಡಿ ಮರುಳಾಗಬೇಡಿ. ನೆಲವನ್ನು ತುಳಿದು ನೋಡಿ. ಕೆಲವು ಹಳೆಯ ಬೋಟ್‌ಗಳಲ್ಲಿ ಫೈಬರ್‌ಗ್ಲಾಸ್ ಒಳಗೆ ಮರದ ತೊಲೆಗಳಿರುತ್ತವೆ, ಅವು ಕೊಳೆತಿದ್ದರೆ ನೆಲ ಮೆತ್ತಗಾಗಿರುತ್ತದೆ. ಎಂಜಿನ್ ಬ್ಲಾಕಿನಲ್ಲಿ ಬಿರುಕಿದೆಯೇ ನೋಡಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ನೀರಿಗಿಳಿಸಿ ಓಡಿಸದೆ ಒಂದು ಡಾಲರೂ ಕೊಡಬೇಡಿ. ಓನರ್ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

10. ಕೊಂಡ ಬೆಲೆ ಮರೆತುಬಿಡಿ, ಸಾಕುವ ಬೆಲೆ ಬರೆದಿಡಿ.
ಇನ್ಶೂರೆನ್ಸ್, ಟ್ರೇಲರ್ ಬೇರಿಂಗ್, ಬ್ಯಾಟರಿ, ಪೆಟ್ರೋಲ್, ಚಳಿಗಾಲದ ಶೆಡ್ ಬಾಡಿಗೆ. ಎಮ್ಮೆ ಕೊಂಡವನು ಹಿಂಡಿ ಹುಲ್ಲಿನ ಲೆಕ್ಕ ಹಾಕದಿದ್ದರೆ ಹೇಗೆ? ನಮ್ಮನೆಯವಳು ಬೋಟಿಗೆ 'ಸವತಿ' ಎಂದೇ ಹೆಸರಿಟ್ಟಿದ್ದಾಳೆ. ಉಳಿಸಬೇಕಾದರೆ ಕೈ ಕೊಳೆ ಮಾಡಿಕೊಳ್ಳಿ. ಆಯಿಲ್ ಬದಲಿಸುವುದನ್ನು, ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಹಾಕುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಆಲ್ಟರ್ನೇಟರ್ ತಂದು ಕೂರಿಸಬೇಡಿ. ಬೋಟಿನದಕ್ಕೆ ಕಿಡಿ ಹೊರಬೀಳದಂಥ ಕವಚ ಇರುತ್ತದೆ. ಮುಚ್ಚಿದ ಎಂಜಿನ್ ಗೂಡಿನಲ್ಲಿ ಪೆಟ್ರೋಲ್ ಆವಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಸ್ಟಾರ್ಟ್ ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್ ಓಡಿಸುವುದೂ ಅದಕ್ಕೇ.

11. ಟ್ರೇಲರ್ ರಿವರ್ಸ್ ಅನ್ನು ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಕಲಿಯಿರಿ.
ಸ್ಟೀರಿಂಗಿನ ಕೆಳತುದಿ ಹಿಡಿಯಿರಿ. ಟ್ರೇಲರ್ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿ. ಇಷ್ಟೇ. ಹಿಂದೆ ಹತ್ತು ಗಾಡಿ ಕಾಯುತ್ತಿರುವಾಗ ಪ್ರಯೋಗ ಮಾಡಬೇಡಿ.

12. ಪ್ಲಗ್!
ಬೋಟಿನ ತಳದಲ್ಲಿ ಒಂದು ತೂತು, ಅದಕ್ಕೊಂದು ಹಿತ್ತಾಳೆಯ ಬಿರಡೆ. ಮಿನ್ನೆಸೋಟಾದಲ್ಲಿ ರಸ್ತೆಯ ಮೇಲೆ ಬೋಟ್ ಎಳೆದೊಯ್ಯುವಾಗ ಅದನ್ನು ತೆಗೆದಿಡಬೇಕು, ಕಾನೂನೇ ಹಾಗಿದೆ. ಒಂದು ಕೆರೆಯ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ತಳದ ನೀರಿನಲ್ಲಿ ಅಡಗಿ ಇನ್ನೊಂದು ಕೆರೆಗೆ ಹೋಗಬಾರದಲ್ಲ. ತೆಗೆಯುವುದು ಕಡ್ಡಾಯವಾದ್ದರಿಂದಲೇ ಹಾಕುವುದು ಮರೆತುಹೋಗುತ್ತದೆ. ನಾನೂ ಮರೆತಿದ್ದೇನೆ. ಆಫೀಸಿನ ನಾಲ್ವರನ್ನು ಕೂರಿಸಿಕೊಂಡು ಹೊರಟು ಐದು ನಿಮಿಷವಾಗಿತ್ತು. ಒಬ್ಬರು 'ಚಪ್ಪಲಿ ತೇಲ್ತಾ ಇದೆ' ಎಂದರು. ಬಿಲ್ಜ್ ಪಂಪ್ ಹಾಕಿ, ದಡಕ್ಕೆ ಓಡಿಸಿ, ಟ್ರೇಲರ್ ಏರಿಸಿದ ಮೇಲೆ ತೂತಿನಿಂದ ನೀರು ಹರಿದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆ ನಾಲ್ವರೂ ಕೆಳಗಿಳಿದು ಮೌನವಾಗಿ ನೋಡುತ್ತಿದ್ದರು. ಅಂದಿನಿಂದ ಪ್ಲಗ್ ತೆಗೆದ ಕೂಡಲೇ ಬೋಟಿನ ಕೀಲಿಗೊಂಚಲಿಗೆ ಸಿಕ್ಕಿಸುತ್ತೇನೆ. ಪ್ಲಗ್ ಕೈಗೆ ಬಾರದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

13. ಅಕ್ಟೋಬರ್ ಕ್ಯಾಲೆಂಡರಿನಲ್ಲಿ ಒಂದು ಭಾನುವಾರ ಕಾದಿರಿಸಿ.
ಎಂಜಿನ್ ಬ್ಲಾಕಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎರಕದ ಕಬ್ಬಿಣವೂ ಸೀಳುತ್ತದೆ. ಎಲ್ಲ ಡ್ರೇನ್‌ಗಳನ್ನೂ ಬಿಚ್ಚಿ, ನೀರು ಬರದಿದ್ದರೆ ತಂತಿ ಹಾಕಿ ಕೆದಕಿ. ಗುಲಾಬಿ ಬಣ್ಣದ ಆಂಟಿಫ್ರೀಜ್ ಓಡಿಸಿ, ಟ್ಯಾಂಕಿಗೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. 'ಮುಂದಿನ ವಾರ ಮಾಡೋಣ' ಎಂದವರಿಗೆ ಹೊಸ ಎಂಜಿನ್ ಬಿಲ್ ಕಾದಿರುತ್ತದೆ. ಆಮೇಲೆ ಚಳಿಗಾಲದಲ್ಲಿ ಕೆರೆಯ ಮೇಲೆ ಜನ ನಡೆದಾಡುತ್ತಾರೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರೆ. ಏಪ್ರಿಲ್ ನಡುವಿಗೆ ಮಿನ್ನೆಟೊಂಕಾ ಕರಗುವ ಹೊತ್ತಿಗೆ ನಮ್ಮಲ್ಲಿ ಯುಗಾದಿಯ ಹೋಳಿಗೆ ಮುಗಿದಿರುತ್ತದೆ. ಆ ವಾರ ಮೊದಲು ಇಂಪೆಲ್ಲರ್ ಬದಲಿಸಿ, ಬ್ಯಾಟರಿ ಕೂರಿಸಿ. ನೀರು ಇನ್ನೂ ಕೊರೆಯುತ್ತಿರುತ್ತದೆ, ವೆಟ್‌ಸೂಟ್ ಇಲ್ಲದೆ ಇಳಿಯಬೇಡಿ.